ಒಳಜಾಲದ ಮುಖಪುಟ ಕಾಣೆಯಾದಾಗ

ನಿಮ್ಮ ಕಾಲೇಜಿನಲ್ಲಿ ಒಂದು ಇಂಟ್ರಾನೆಟ್ ಇದೆಯೆಂದು ಭಾವಿಸಿ. ಹಾಜರಿ, ವೇಳಾಪಟ್ಟಿ, ಸುತ್ತೋಲೆ, ಆಂತರಿಕ ಪರೀಕ್ಷೆಯ ಅಂಕಗಳು ಎಲ್ಲವೂ ಅದರಲ್ಲೇ ಇವೆ. ಅಂಕಗಳನ್ನು ತುಂಬಲು ಇಂದೇ ಕೊನೆಯ ದಿನ. ಬ್ರೌಸರಿನಲ್ಲಿ ವಿಳಾಸ ಬರೆದು ಎಂಟರ್ ಒತ್ತುತ್ತೀರಿ. ದಿನವೂ ಕಾಣುತ್ತಿದ್ದ ಮುಖಪುಟದ ಬದಲು ಬಿಳಿಯ ಪರದೆಯ ಮೇಲೆ ಒಂದು ಸಂಖ್ಯೆ ಮತ್ತು ಒಂದು ಸಾಲು ಇಂಗ್ಲಿಷ್ ಮಾತ್ರ ಇದೆ. ‘ಸೈಟೇ ಹಾರಿಹೋಗಿದೆ’ ಎನ್ನುತ್ತಾರೆ ಒಬ್ಬರು. ‘ಹೋದ ತಿಂಗಳ ಬ್ಯಾಕಪ್ ಇದೆಯಲ್ಲ, ಅದನ್ನೇ ಹಾಕಿಬಿಡಿ’ ಎನ್ನುತ್ತಾರೆ ಮತ್ತೊಬ್ಬರು.

ಈ ಎರಡನೆಯ ಸಲಹೆ ಅಪಾಯಕಾರಿ. ಹೋದ ತಿಂಗಳ ಪ್ರತಿಯನ್ನು ಹಾಕಿದರೆ ಅಂದಿನಿಂದ ಇಂದಿನವರೆಗೆ ತುಂಬಿದ ಅಂಕಗಳೆಲ್ಲ ಅಳಿಸಿಹೋಗಬಹುದು. ತಮಾಷೆಯೆಂದರೆ, ಅಲ್ಲಿಯವರೆಗೆ ನಿಜವಾಗಿ ಏನೂ ಕಳೆದಿರಲಿಲ್ಲ! ‘ಮುಖಪುಟ ಕಾಣುತ್ತಿಲ್ಲ’ ಎಂಬುದು ಒಂದು ವೀಕ್ಷಣೆ. ‘ಮುಖಪುಟ ಇಲ್ಲ’ ಎಂಬುದು ಒಂದು ತೀರ್ಮಾನ. ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹಾರುವಂತಿಲ್ಲ. ನಡುವೆ ಹಲವು ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳು ಯಾವುವು, ಒಂದೊಂದನ್ನೂ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಒಳಜಾಲ ಎಂದರೇನು?

ಇಂಟ್ರಾನೆಟ್ ಅನ್ನು ಕನ್ನಡದಲ್ಲಿ ‘ಒಳಜಾಲ’ ಎನ್ನಬಹುದು. ಅಂತರಜಾಲದಲ್ಲಿ ಬಳಸುವ ತಂತ್ರವನ್ನೇ ಒಂದು ಸಂಸ್ಥೆ ತನ್ನ ಆವರಣದೊಳಗೆ, ತನ್ನವರಿಗಾಗಿ ಮಾತ್ರ ಬಳಸಿದರೆ ಅದು ಒಳಜಾಲ. ಅದರ ಗಣಕಗಳಿಗೆ ಸಾಮಾನ್ಯವಾಗಿ 10, 192.168 ಅಥವಾ 172.16ರಿಂದ 172.31ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸಗಳಿರುತ್ತವೆ. ಈ ವಿಳಾಸಗಳನ್ನು ಖಾಸಗಿ ಬಳಕೆಗೆಂದು 1994ರಲ್ಲಿ ಮೀಸಲಿಡಲಾಯಿತು. ಹೊರಗಿನ ಅಂತರಜಾಲದಲ್ಲಿ ಇವಕ್ಕೆ ದಾರಿಯಿಲ್ಲ.

ವಿಶ್ವವ್ಯಾಪಿ ಜಾಲ ಹುಟ್ಟಿದ್ದೂ ಒಂದು ಸಂಸ್ಥೆಯ ಒಳಗಿನ ತೊಂದರೆಯಿಂದಲೇ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ಅವರೊಡನೆ ಮಾಹಿತಿಯೂ ಕಳೆದುಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್ ಲೀ ಒಂದು ಪ್ರಸ್ತಾವ ಬರೆದರು. ಅದೇ ಮುಂದೆ ವೆಬ್ ಆಯಿತು. ಆದರೆ ಜಗತ್ತಿನ ಆ ಮೊಟ್ಟಮೊದಲ ಜಾಲತಾಣವೇ ತನ್ನ ಮೂಲ ವಿಳಾಸದಲ್ಲಿ ಬಹುಕಾಲ ಸಿಗುತ್ತಿರಲಿಲ್ಲ. 2013ರಲ್ಲಿ ಸರ್ನ್ ಅದರ 1992ರ ಪ್ರತಿಯೊಂದನ್ನು ಹಳೆಯ ವಿಳಾಸದಲ್ಲೇ ಮತ್ತೆ ಇರಿಸಿತು. ಮುಖಪುಟ ಕಾಣೆಯಾಗುವುದು ಹೊಸ ಕಾಯಿಲೆಯೇನಲ್ಲ.

ವಿಳಾಸದಿಂದ ಪುಟದವರೆಗೆ

ನೀವು ಎಂಟರ್ ಒತ್ತಿದ ಕ್ಷಣದಿಂದ ಪುಟ ಮೂಡುವವರೆಗೆ ಏನೇನು ನಡೆಯುತ್ತದೆ? ಸ್ಥೂಲವಾಗಿ ಐದು ಹಂತಗಳು.

1. ವಿಳಾಸದಲ್ಲಿರುವ ಹೆಸರು ಅಂಕಿಯಾಗಬೇಕು. ಗಣಕಗಳಿಗೆ ಬೇಕಾದದ್ದು 192.168.1.10 ಎಂಬಂಥ ಅಂಕಿ. ಹೆಸರಿಗೆ ತಕ್ಕ ಅಂಕಿಯನ್ನು ಹುಡುಕಿಕೊಡುವುದು ಡಿಎನ್‌ಎಸ್ ಎಂಬ ವ್ಯವಸ್ಥೆ.

2. ಆ ಅಂಕಿಯ ಗಣಕವನ್ನು, ಅಂದರೆ ಸರ್ವರನ್ನು, ಜಾಲದ ಮೂಲಕ ತಲುಪಬೇಕು.

3. ಅಲ್ಲಿ ವೆಬ್ ಸರ್ವರ್ ತಂತ್ರಾಂಶ ಚಾಲನೆಯಲ್ಲಿದ್ದು, 80 ಅಥವಾ 443 ಸಂಖ್ಯೆಯ ‘ಬಾಗಿಲಲ್ಲಿ’ ಕಾದಿರಬೇಕು. ಈ ಬಾಗಿಲಿಗೆ ಪೋರ್ಟ್ ಎಂದು ಹೆಸರು.

4. ತಂತ್ರಾಂಶ ನಿಮ್ಮ ಕೋರಿಕೆಯನ್ನು ಓದಿ, ಯಾವ ತಾಣ, ಯಾವ ಫೋಲ್ಡರ್, ಯಾವ ಕಡತ ಎಂದು ನಿರ್ಧರಿಸಬೇಕು.

5. ಆ ಕಡತ ಅಲ್ಲಿರಬೇಕು. ಅದನ್ನು ಓದಲು ತಂತ್ರಾಂಶಕ್ಕೆ ಅನುಮತಿಯೂ ಇರಬೇಕು.

ಈ ಐದರಲ್ಲಿ ಯಾವುದೇ ಒಂದು ಕೊಂಡಿ ಕಳಚಿದರೂ ನೀವು ಹೇಳುವುದು ಒಂದೇ ಮಾತು: ‘ಮುಖಪುಟ ಕಾಣುತ್ತಿಲ್ಲ’. ಆದರೆ ಕಡತ ನಿಜವಾಗಿ ಇಲ್ಲದಿರುವುದು ಐದನೆಯ ಹಂತದ ಒಂದು ಸಾಧ್ಯತೆ ಮಾತ್ರ ಎಂಬುದನ್ನು ಗಮನಿಸಿ.

ಸಂಖ್ಯೆ ಏನು ಹೇಳುತ್ತದೆ?

ಮೊದಲು ಪರದೆಯ ಮೇಲಿನ ಸಂದೇಶವನ್ನು ಹಾಗೆಯೇ ಬರೆದುಕೊಳ್ಳಿ. ಅದರಲ್ಲಿ ಮೂರಂಕಿಯ ಸಂಖ್ಯೆ ಇದೆಯೇ? ಇದ್ದರೆ ಅರ್ಧ ಕೆಲಸ ಮುಗಿದಂತೆ. ಸಂಖ್ಯೆಯನ್ನು ಕಳಿಸುವುದು ವೆಬ್ ಸರ್ವರ್. ಅದು ಬಂದಿದೆ ಎಂದರೆ ಯಾವುದೋ ವೆಬ್ ಸರ್ವರ್ ನಿಮಗೆ ಉತ್ತರಿಸಿದೆ. ಅದು ನಿಮ್ಮದೇ ಸರ್ವರ್ ಆಗಿದ್ದರೆ ಮೊದಲ ಮೂರು ಕೊಂಡಿಗಳು ಗಟ್ಟಿಯಾಗಿವೆ. ಸಂಖ್ಯೆಯೇ ಇಲ್ಲದೆ ‘ತಾಣ ಸಿಗಲಿಲ್ಲ’, ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬಂಥ ಮಾತಿದ್ದರೆ ಅದು ಬ್ರೌಸರಿನದೇ ಸಂದೇಶ. ದೋಷ ಮೊದಲ ಮೂರು ಹಂತಗಳಲ್ಲಿ ಎಲ್ಲೋ ಇದೆ.

ಸಂಖ್ಯೆಯ ಮೊದಲ ಅಂಕಿ ಗುಂಪನ್ನು ಸೂಚಿಸುತ್ತದೆ. 2 ಎಂದರೆ ಯಶಸ್ಸು. 3 ಎಂದರೆ ‘ಬೇರೆಡೆ ನೋಡಿ’ ಅಥವಾ ‘ನಿಮ್ಮಲ್ಲಿರುವ ಪ್ರತಿಯೇ ಸಾಕು’. 4 ಎಂದರೆ ಕೋರಿಕೆಯನ್ನು ಈಡೇರಿಸಲಾಗದು. 5 ಎಂದರೆ ಸರ್ವರೇ ಎಡವಿದೆ. ಹೆಚ್ಚಾಗಿ ಎದುರಾಗುವವು ಇವು:

401 – ನೀವು ಯಾರೆಂದು ತಿಳಿಯದು. ಹೆಸರು, ಪಾಸ್‌ವರ್ಡ್ ಕೊಡಿ.

403 – ಕೊಡಲು ಅನುಮತಿಯಿಲ್ಲ.

404 – ಕೇಳಿದ್ದು ಸಿಗಲಿಲ್ಲ.

500 – ಪುಟ ಸಿದ್ಧಪಡಿಸುವಾಗ ಸರ್ವರ್ ಒಳಗೇ ದೋಷ ಉಂಟಾಯಿತು.

503 – ಸೇವೆ ಸದ್ಯಕ್ಕೆ ಲಭ್ಯವಿಲ್ಲ.

ಈಗ ಒಂದು ಪ್ರಶ್ನೆ. ಫೋಲ್ಡರಿನಲ್ಲಿ ಮುಖಪುಟದ ಕಡತ ಇಲ್ಲದಿದ್ದರೆ ಯಾವ ಸಂಖ್ಯೆ ಬರಬೇಕು? 404 ಎನ್ನುವಿರಾ? ಹಲವು ಬಾರಿ ಬರುವುದು 403! ಇದೇಕೆ?

ಮುಖಪುಟವನ್ನು ಕೇಳುವಾಗ ನೀವು ಕಡತದ ಹೆಸರನ್ನು ಹೇಳುವುದಿಲ್ಲ. ತಾಣದ ವಿಳಾಸ ಮತ್ತು ಕೊನೆಗೊಂದು ಓರೆಗೆರೆ, ಅಷ್ಟೆ. ಅಂದರೆ ನೀವು ಕೇಳುತ್ತಿರುವುದು ಒಂದು ಫೋಲ್ಡರನ್ನು. ಸರ್ವರ್ ತನ್ನಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡಿ, ಅವುಗಳಲ್ಲಿ ಯಾವುದಾದರೂ ಆ ಫೋಲ್ಡರಿನಲ್ಲಿದೆಯೇ ಎಂದು ಕ್ರಮವಾಗಿ ಹುಡುಕುತ್ತದೆ. ಅಪಾಚೆ ಸರ್ವರಿನಲ್ಲಿ ಸಾಮಾನ್ಯವಾಗಿ ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂಬ ಹೆಸರು ಆ ಪಟ್ಟಿಯಲ್ಲಿರುತ್ತದೆ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರಿನ ಪಟ್ಟಿಯಲ್ಲಿ ‘ಡಿಫಾಲ್ಟ್.ಎಚ್‌ಟಿಎಂ’ ಮುಂತಾದ ಹೆಸರುಗಳೂ ಇರುತ್ತವೆ. ಯಾವುದೂ ಸಿಗದಿದ್ದರೆ ಸರ್ವರಿಗೆ ಉಳಿಯುವುದು ಫೋಲ್ಡರಿನ ಕಡತಗಳ ಪಟ್ಟಿಯನ್ನೇ ತೋರಿಸುವ ದಾರಿ. ಪಟ್ಟಿ ತೋರಿಸುವುದಕ್ಕೆ ನಿಷೇಧವಿದ್ದರೆ ಅದು 403 ಎನ್ನುತ್ತದೆ. ಐಐಎಸ್ ಇದನ್ನು 403.14 ಎಂದು ಇನ್ನಷ್ಟು ನಿಖರವಾಗಿ ಹೇಳುತ್ತದೆ. ‘ಅನುಮತಿಯಿಲ್ಲ’ ಎಂದು ಓದಿ ಪಾಸ್‌ವರ್ಡ್ ಬದಲಿಸುತ್ತ ಕುಳಿತರೆ ಇಡೀ ದಿನ ವ್ಯರ್ಥ.

ನಿಷೇಧವಿಲ್ಲದಿದ್ದರೆ? ಆಗ ಇನ್ನೂ ದೊಡ್ಡ ತೊಂದರೆ. ಆ ಫೋಲ್ಡರಿನಲ್ಲಿರುವ ಎಲ್ಲ ಕಡತಗಳ ಹೆಸರೂ ಬಂದವರಿಗೆಲ್ಲ ಕಾಣುತ್ತದೆ. ನಾಳಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಯಾರಾದರೂ ಅಲ್ಲಿ ಇಟ್ಟಿದ್ದರೆ ಅದೂ ಕಾಣುತ್ತದೆ! ಆದ್ದರಿಂದ ಪಟ್ಟಿ ತೋರಿಸುವ ಸೌಲಭ್ಯವನ್ನು ಮೊದಲೇ ನಿಷೇಧಿಸಿಡುವುದು ಕ್ಷೇಮ.

ಯಾರಿಗೆ ಕಾಣುತ್ತಿಲ್ಲ?

ಸಂದೇಶ ಬರೆದುಕೊಂಡಾಯಿತು. ಮುಂದಿನ ಪ್ರಶ್ನೆ: ಕಾಣದಿರುವುದು ನಿಮಗೊಬ್ಬರಿಗೋ ಎಲ್ಲರಿಗೋ? ಪಕ್ಕದ ಗಣಕದಲ್ಲಿ ನೋಡಿ. ಅದೇ ಗಣಕದಲ್ಲಿ ಬೇರೆ ಬ್ರೌಸರಿನಲ್ಲಿ ನೋಡಿ. ಬೇರೆಯವರ ಹೆಸರಿನಲ್ಲಿ ಲಾಗಿನ್ ಆದಾಗ ಕಾಣುತ್ತದೆಯೇ ಎಂದು ಅವರನ್ನೇ ಕೇಳಿ. ಈ ಹೋಲಿಕೆ ಪ್ರಯೋಗಾಲಯದ ‘ನಿಯಂತ್ರಕ’ ಪ್ರಯೋಗವಿದ್ದಂತೆ.

ಒಬ್ಬರಿಗೆ ಮಾತ್ರ ಕಾಣದಿದ್ದರೆ ದೋಷ ಅವರ ಗಣಕದಲ್ಲಿ, ಬ್ರೌಸರಿನಲ್ಲಿ ಅಥವಾ ಖಾತೆಯಲ್ಲಿ ಇರುವ ಸಂಭವ ಹೆಚ್ಚು. ಬ್ರೌಸರ್ ಒಮ್ಮೆ ತಂದ ಪುಟವನ್ನೂ ‘ಈ ವಿಳಾಸ ಶಾಶ್ವತವಾಗಿ ಬದಲಾಗಿದೆ’ ಎಂಬ 301ರ ಸೂಚನೆಯನ್ನೂ ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಈ ಕೂಡಿಟ್ಟ ಸಂಗ್ರಹಕ್ಕೆ ಕ್ಯಾಶ್ ಎಂದು ಹೆಸರು. ಸರ್ವರಿನಲ್ಲಿ ಎಲ್ಲ ಸರಿಹೋದ ಮೇಲೂ ಬ್ರೌಸರ್ ಹಳೆಯದನ್ನೇ ತೋರಿಸುತ್ತಿರಬಹುದು. ಖಾಸಗಿ ಕಿಟಕಿಯಲ್ಲಿ ತಾಣವನ್ನು ತೆರೆದು ನೋಡಿದರೆ ಇದು ತಿಳಿಯುತ್ತದೆ.

ಕೆಲವೊಮ್ಮೆ ಬ್ರೌಸರ್ ಒಳಜಾಲದ ಒಂದೇ ಪದದ ಹೆಸರನ್ನು ವಿಳಾಸವೆಂದು ತಿಳಿಯದೆ, ಅಂತರಜಾಲದಲ್ಲಿ ಹುಡುಕಲು ಹೊರಟುಬಿಡುತ್ತದೆ. ಹೆಸರಿನ ಹಿಂದೆ ‘ಎಚ್‌ಟಿಟಿಪಿ://’ ಸೇರಿಸಿದರೆ ಸರಿಹೋಗುತ್ತದೆ.

ಎಲ್ಲರಿಗೂ ಕಾಣದಿದ್ದರೆ ಐದು ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಕೊಂಡಿಗಳ ಪರೀಕ್ಷೆ

ಹೆಸರು: ‘ಎನ್‌ಎಸ್‌ಲುಕಪ್’ ಎಂಬ ಆದೇಶದ ಮುಂದೆ ತಾಣದ ಹೆಸರು ಕೊಡಿ. ಸರಿಯಾದ ಅಂಕಿ ಬಂದರೆ ಡಿಎನ್‌ಎಸ್ ಕ್ಷೇಮ. ಹಳೆಯ ಸರ್ವರಿನ ಅಂಕಿ ಬಂದರೆ ದೋಷ ಸಿಕ್ಕಿತು. ಆದೇಶಕ್ಕೆ ಉತ್ತರ ಬಂದರೂ ಬ್ರೌಸರಿಗೆ ಮಾತ್ರ ಹೆಸರು ಸಿಗದಿದ್ದರೆ, ಬ್ರೌಸರ್ ಹೊರಗಿನ ಡಿಎನ್‌ಎಸ್ ಸೇವೆಯನ್ನು ಬಳಸುತ್ತಿದೆಯೇ ಎಂದು ನೋಡಿ. ನಿಮ್ಮ ಕಾಲೇಜಿನ ಒಳಗಿನ ಹೆಸರು ಹೊರಗಿನವರಿಗೆ ಹೇಗೆ ತಿಳಿಯಬೇಕು?

ದಾರಿ: ‘ಪಿಂಗ್’ ಆದೇಶದಿಂದ ಸರ್ವರನ್ನು ಕರೆದು ನೋಡಿ. ಓಗೊಟ್ಟರೆ ದಾರಿ ತೆರೆದಿದೆ. ಓಗೊಡದಿದ್ದರೆ ಮುಚ್ಚಿದೆ ಎನ್ನುವಂತಿಲ್ಲ. ಪಿಂಗ್‌ಗೆ ಉತ್ತರಿಸದಂತೆ ಹಲವು ಸರ್ವರುಗಳನ್ನು ಉದ್ದೇಶಪೂರ್ವಕವಾಗಿ ಅಳವಡಿಸಿರುತ್ತಾರೆ. ನಿಮ್ಮ ಗಣಕದ ವಿಳಾಸವೇ 169.254ರಿಂದ ಆರಂಭವಾಗಿದ್ದರೆ, ಅದಕ್ಕೆ ಜಾಲದಿಂದ ವಿಳಾಸ ಸಿಕ್ಕಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಅಥವಾ ವೈಫೈ ನೋಡಿ.

ಬಾಗಿಲು: ಸರ್ವರ್ ಗಣಕದ ಮುಂದೆಯೇ ಕುಳಿತು, ಅದರ ಬ್ರೌಸರಿನಲ್ಲಿ 127.0.0.1 ಎಂದು ಬರೆಯಿರಿ. ಇದು ಯಾವುದೇ ಗಣಕ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಇಲ್ಲಿ ಉತ್ತರ ಬಂದು ಹೊರಗಿನ ಗಣಕದಲ್ಲಿ ಬರದಿದ್ದರೆ, ನಡುವಿನ ಜಾಲವನ್ನೋ ಫೈರ್‌ವಾಲನ್ನೋ ನೋಡಬೇಕು. ಇಲ್ಲೂ ಬರದಿದ್ದರೆ ವೆಬ್ ಸರ್ವರ್ ತಂತ್ರಾಂಶ ನಿಂತಿರಬಹುದು. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಬ್ರೌಸರ್ ಮುಖಪುಟದ ಬದಲು ಎಚ್ಚರಿಕೆಯೊಂದನ್ನು ತೋರಿಸುತ್ತದೆ ಎಂಬುದೂ ನೆನಪಿರಲಿ.

ಕಡತದ ಹೆಸರು: ಕಡತ ಕಣ್ಣೆದುರೇ ಇದ್ದರೂ ಸರ್ವರಿಗೆ ಸಿಗದಿರಬಹುದು. ವಿಂಡೋಸ್‌ನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸ್‌ನಲ್ಲಿ ಅವೆರಡೂ ಬೇರೆ ಬೇರೆ. ವಿಂಡೋಸ್‌ನಲ್ಲಿ ತಯಾರಿಸಿದ ಪುಟವನ್ನು ಲಿನಕ್ಸ್ ಸರ್ವರಿಗೆ ಸಾಗಿಸಿದಾಗ ಮೊದಲಕ್ಷರವೊಂದು ದೊಡ್ಡದಾಗಿದ್ದರೂ ಸಾಕು, ಮುಖಪುಟ ‘ಕಾಣೆ’. ಇನ್ನೊಂದು ಬಲೆ ಎಂದರೆ, ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಮರೆಮಾಡುವುದು. ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂದು ಕಾಣುವ ಕಡತದ ನಿಜನಾಮ ‘ಇಂಡೆಕ್ಸ್.ಎಚ್‌ಟಿಎಂಎಲ್.ಟಿಎಕ್ಸ್‌ಟಿ’ ಆಗಿರಬಹುದು!

ಅನುಮತಿ: ಲಿನಕ್ಸ್‌ನಲ್ಲಿ ಓದಲು 4, ಬರೆಯಲು 2, ನಡೆಸಲು 1 ಎಂದು ಅಂಕಿಗಳಿವೆ. ಮಾಲೀಕ, ಅವರ ಗುಂಪು, ಇತರರು ಎಂಬ ಮೂವರಿಗೆ ಬೇರೆ ಬೇರೆಯಾಗಿ ಅನುಮತಿ ಕೊಡಬಹುದು. ಕಡತಕ್ಕೆ 644 ಎಂದರೆ ಮಾಲೀಕರು ಓದಿ ಬರೆಯಬಹುದು (4+2), ಉಳಿದವರು ಓದಬಹುದು. ಫೋಲ್ಡರಿಗೆ 755 ಸಾಮಾನ್ಯ. ಫೋಲ್ಡರಿನ ವಿಷಯದಲ್ಲಿ 1 ಎಂದರೆ ಅದನ್ನು ಹಾದುಹೋಗುವ ಅನುಮತಿ. ದಾರಿಯಲ್ಲಿರುವ ಪ್ರತಿಯೊಂದು ಫೋಲ್ಡರಿಗೂ ಈ ಅನುಮತಿ ಬೇಕು. ಅವಸರದಲ್ಲಿ ಎಲ್ಲಕ್ಕೂ 777 ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಆ ಗಣಕದ ಯಾವ ಬಳಕೆದಾರರು ಬೇಕಾದರೂ ಆ ಕಡತವನ್ನು ತಿದ್ದಬಹುದು. ಕೀಲಿ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ!

ಒಂದು ಎಚ್ಚರಿಕೆ. ಅನುಮತಿಯಿಲ್ಲದ ಕಡತ ಇದೆ ಎಂಬುದನ್ನೇ ಹೊರಗೆ ತೋರಗೊಡದೆ, 403ರ ಬದಲು 404 ಎಂದು ಹೇಳಲು ವೆಬ್‌ನ ನಿಯಮಗಳು ಸರ್ವರಿಗೆ ಅವಕಾಶ ಕೊಟ್ಟಿವೆ. ಆದ್ದರಿಂದ ಸಂಖ್ಯೆಯನ್ನು ಸುಳಿವೆಂದು ತಿಳಿಯಿರಿ, ತೀರ್ಪೆಂದು ತಿಳಿಯಬೇಡಿ.

ಯಶಸ್ಸಿನ ಸಂಖ್ಯೆ, ತಪ್ಪು ಪುಟ

ಈಗ ವಿಚಿತ್ರವಾದ, ಆದರೆ ಅನೇಕರು ಅನುಭವಿಸಿದ ಒಂದು ನಿದರ್ಶನ ನೋಡಿ. ಲಿನಕ್ಸ್‌ನ ಎರಡು ಪ್ರಸಿದ್ಧ ಪ್ರಕಾರಗಳು ಉಬುಂಟು ಮತ್ತು ಡೆಬಿಯನ್. 2014ರ ಏಪ್ರಿಲ್‌ನಲ್ಲಿ ಬಂದ ಉಬುಂಟು 14.04 ಮತ್ತು 2015ರ ಏಪ್ರಿಲ್‌ನಲ್ಲಿ ಬಂದ ಡೆಬಿಯನ್ 8, ಇವೆರಡರಲ್ಲೂ ಅಪಾಚೆಯ 2.4ನೇ ಆವೃತ್ತಿ ಇತ್ತು. 2.2ನೇ ಆವೃತ್ತಿಯಿಂದ ಇದಕ್ಕೆ ಬಡ್ತಿ ಪಡೆದ ಹಲವರು ಮರುದಿನ ತಾಣವನ್ನು ತೆರೆದಾಗ ಕಂಡದ್ದು ತಮ್ಮ ಮುಖಪುಟವಲ್ಲ, ‘ಇದು ಕೆಲಸ ಮಾಡುತ್ತಿದೆ!’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯ ಅಪರಿಚಿತ ಪುಟ. ಸಂಖ್ಯೆಯನ್ನು ನೋಡಿದರೆ 200, ಅಂದರೆ ಯಶಸ್ಸು!

ನಡೆದದ್ದೇನು? ಹಿಂದೆ ತಾಣದ ಮೂಲ ಫೋಲ್ಡರ್ ‘/ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು’ ಆಗಿತ್ತು. ಹೊಸದರಲ್ಲಿ ಅದರ ಒಳಗಿನ ‘ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಮೂಲವಾಯಿತು. ಜೊತೆಗೆ, ತಾಣದ ವಿವರ ಬರೆದಿಟ್ಟ ಸಂರಚನಾ ಕಡತದ ಹೆಸರು ‘.ಕಾನ್ಫ್’ ಎಂದು ಕೊನೆಗೊಂಡಿದ್ದರೆ ಮಾತ್ರ ಓದಬೇಕೆಂಬ ನಿಯಮ ಬಂತು. ಹಳೆಯ ಕಡತಗಳ ಹೆಸರಿಗೆ ಆ ಬಾಲವಿರಲಿಲ್ಲ. ಸರ್ವರ್ ಅವುಗಳನ್ನು ಓದದೆ, ತನ್ನ ಜೊತೆಗೇ ಬಂದಿದ್ದ ಮಾದರಿ ಪುಟವನ್ನು ತೋರಿಸಿತು. ಅನುಮತಿಯ ನಿಯಮ ಬರೆಯುವ ರೀತಿಯೂ ಬದಲಾಗಿದ್ದರಿಂದ ಇನ್ನು ಕೆಲವರಿಗೆ 403 ಎದುರಾಯಿತು. ಯಾರ ಮುಖಪುಟವೂ ಅಳಿಸಿಹೋಗಿರಲಿಲ್ಲ. ಸಂರಚನಾ ಕಡತದ ಹೆಸರಿಗೆ ಬಾಲ ಸೇರಿಸಿ, ತಾಣವನ್ನು ಮತ್ತೆ ಸಕ್ರಿಯಗೊಳಿಸಿ, ಅಪಾಚೆಗೆ ಅದನ್ನು ಮತ್ತೊಮ್ಮೆ ಓದುವಂತೆ ಹೇಳಿದರೆ ಸಾಕಾಗಿತ್ತು. ಹಳೆಯ ಗಣಕದಿಂದ ಹೊಸದಕ್ಕೆ ತಾಣ ಸಾಗಿಸುವವರಿಗೆ ಇದೇ ತೊಂದರೆ ಇಂದಿಗೂ ಎದುರಾಗಬಹುದು.

ಇಂಥದೇ ಇನ್ನೊಂದು ಬಗೆ ಷೇರ್‌ಪಾಯಿಂಟ್‌ನಂಥ ತಂತ್ರಾಂಶಗಳಲ್ಲಿದೆ. ಅಲ್ಲಿ ಯಾವ ಪುಟ ಮುಖಪುಟ ಎಂಬುದು ಒಂದು ಆಯ್ಕೆ ಮಾತ್ರ. ಪುಟ ಹಾಗೆಯೇ ಇದ್ದು ಆಯ್ಕೆ ಬದಲಾಗಿರಬಹುದು. ಪುಟವನ್ನು ಬರೆದವರು ಪ್ರಕಟಿಸುವುದನ್ನು ಮರೆತು ಕರಡಾಗಿಯೇ ಬಿಟ್ಟಿರಬಹುದು. ಆಗ ಅವರಿಗೆ ಕಾಣುತ್ತದೆ, ಓದುಗರಿಗೆ ಕಾಣುವುದಿಲ್ಲ. ಯಾರೋ ನಿಜವಾಗಿಯೇ ಅಳಿಸಿದ್ದರೂ ಗಾಬರಿ ಬೇಡ. ಷೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಅಳಿಸಿದ ಪುಟ 93 ದಿನ ಮರುಬಳಕೆ ಬುಟ್ಟಿಯಲ್ಲಿರುತ್ತದೆ. ಮೊದಲು ಬುಟ್ಟಿಯನ್ನು ನೋಡಿ.

ದಿನಚರಿಯನ್ನು ಓದಿ

ಪ್ರತಿ ವೆಬ್ ಸರ್ವರೂ ಒಂದು ದಿನಚರಿ ಬರೆಯುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ಯಾವ ಗಣಕ, ಯಾವ ಹೊತ್ತಿನಲ್ಲಿ, ಏನನ್ನು ಕೇಳಿತು, ತಾನು ಯಾವ ಸಂಖ್ಯೆಯ ಉತ್ತರ ಕೊಟ್ಟೆ ಎಂದೆಲ್ಲ ಅದರಲ್ಲಿರುತ್ತದೆ. ಅಪಾಚೆ ದೋಷಗಳಿಗೆಂದೇ ಬೇರೊಂದು ಲಾಗ್ ಇಡುತ್ತದೆ. ಅನುಮತಿಯ ತೊಂದರೆಯಾದರೆ ಯಾವ ಕಡತವನ್ನು ತೆರೆಯಲಾಗಲಿಲ್ಲ ಎಂಬುದನ್ನು ಪೂರ್ತಿ ದಾರಿಯ ಸಮೇತ ಅಲ್ಲಿ ಬರೆಯುತ್ತದೆ.

ಬ್ರೌಸರಿನಲ್ಲಿ ಒಮ್ಮೆ ಪುಟವನ್ನು ಕೇಳಿ, ಕೂಡಲೇ ಲಾಗ್‌ನ ಕೊನೆಯ ಸಾಲು ನೋಡಿ. ನಿಮ್ಮ ಕೋರಿಕೆ ಅಲ್ಲಿ ಇಲ್ಲವೇ? ಹಾಗಾದರೆ ನೀವು ತಲುಪುತ್ತಿರುವುದು ಈ ಸರ್ವರನ್ನೇ ಅಲ್ಲ ಅಥವಾ ಬ್ರೌಸರ್ ತನ್ನ ಕ್ಯಾಶ್‌ನಿಂದಲೇ ಪುಟ ತೋರಿಸುತ್ತಿದೆ. ಸಮಯದ ಬಗ್ಗೆ ಜಾಗ್ರತೆ: ಐಐಎಸ್ ತನ್ನ ಲಾಗ್‌ನಲ್ಲಿ ಸಾಮಾನ್ಯವಾಗಿ ಜಾಗತಿಕ ಸಮಯವನ್ನು ಬರೆಯುತ್ತದೆ. ಅದು ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ 10:12ಕ್ಕೆ ನೀವು ಕೇಳಿದ್ದು ಅಲ್ಲಿ 4:42 ಎಂದಿರುತ್ತದೆ. ಇದನ್ನು ತಿಳಿಯದವರು ‘ಲಾಗ್‌ನಲ್ಲಿ ಏನೂ ಇಲ್ಲ’ ಎಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಕೈ ಹಾಕುವ ಮುನ್ನ

ದೋಷ ಸಿಕ್ಕಿತೆನಿಸಿದ ಮೇಲೂ ಮೂರು ನಿಯಮಗಳನ್ನು ಪಾಲಿಸಿ. ಮೊದಲನೆಯದು, ಈಗ ಇರುವ ಸ್ಥಿತಿಯ ಪ್ರತಿಯೊಂದನ್ನು ತೆಗೆದಿಡಿ. ಕೆಟ್ಟಿರುವ ಸ್ಥಿತಿಯ ಪ್ರತಿಯೇಕೆ ಎನ್ನಬೇಡಿ. ಈ ತಿಂಗಳ ಅಂಕಗಳಿರುವುದು ಅದರಲ್ಲೇ. ಎರಡನೆಯದು, ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಮತ್ತೆ ಪರೀಕ್ಷಿಸಿ. ಮೂರನ್ನು ಒಟ್ಟಿಗೆ ಬದಲಿಸಿ ಪುಟ ಬಂದರೆ ಯಾವುದರಿಂದ ಬಂತು ಎಂಬುದು ತಿಳಿಯದು. ಉಳಿದೆರಡು ಮುಂದೆ ಯಾವ ತೊಂದರೆ ತರುತ್ತವೆ ಎಂಬುದೂ ತಿಳಿಯದು. ಮೂರನೆಯದು, ಮಾಡಿದ್ದನ್ನೆಲ್ಲ ದಿನಾಂಕ, ಸಮಯದೊಡನೆ ಬರೆದಿಡಿ. ಮುಂದಿನ ಸಲ ‘ನಿನ್ನೆಯವರೆಗೆ ಸರಿಯಿತ್ತು, ನಡುವೆ ಏನು ಬದಲಾಯಿತು?’ ಎಂಬ ಪ್ರಶ್ನೆಗೆ ಉತ್ತರ ಆ ಪುಸ್ತಕದಲ್ಲಿರುತ್ತದೆ. ಬ್ಯಾಕಪ್‌ನಿಂದ ಮರುಸ್ಥಾಪಿಸುವುದು ಕೊನೆಯ ಉಪಾಯ. ಆಗಲೂ ಬೇಕಾದ ಕಡತವೊಂದನ್ನೇ ತೆಗೆದುಕೊಳ್ಳಿ, ಇಡೀ ತಾಣವನ್ನಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಇದನ್ನು ಒಂದೇ ಗಣಕದಲ್ಲಿ ಪ್ರಯೋಗವಾಗಿ ಮಾಡಿಸಬಹುದು. ಪೈಥಾನ್ 3ರ ಜೊತೆಗೇ ‘ಎಚ್‌ಟಿಟಿಪಿ.ಸರ್ವರ್’ ಎಂಬ ಪುಟ್ಟ ವೆಬ್ ಸರ್ವರ್ ಬರುತ್ತದೆ. ಹೊಸ ಫೋಲ್ಡರೊಂದನ್ನು ಮಾಡಿ, ಅದರಲ್ಲಿ ‘ಇಂಡೆಕ್ಸ್.ಎಚ್‌ಟಿಎಂಎಲ್’ ಮತ್ತು ಇನ್ನೊಂದು ಮಾದರಿ ಕಡತವನ್ನು ಇಡಿ. ಅದೇ ಜಾಲದಲ್ಲಿರುವ ಇತರರಿಗೂ ಈ ಫೋಲ್ಡರ್ ಕಾಣಬಹುದಾದ್ದರಿಂದ ಬೇರೆ ಯಾವ ಕಡತವನ್ನೂ ಅಲ್ಲಿಡಬೇಡಿ. ಆ ಫೋಲ್ಡರಿನೊಳಗಿಂದ ಸರ್ವರನ್ನು ಆರಂಭಿಸಿ, ಬ್ರೌಸರಿನಲ್ಲಿ ‘ಎಚ್‌ಟಿಟಿಪಿ://127.0.0.1:8000’ ಎಂದು ಬರೆಯಿರಿ. ಪುಟ ಮೂಡುತ್ತದೆ; ಆದೇಶದ ಕಿಟಕಿಯಲ್ಲಿ 200 ಎಂಬ ಸಾಲು ಬರುತ್ತದೆ.

ಈಗ ಒಂದೊಂದಾಗಿ ಕೆಡಿಸಿ. ಮುಖಪುಟದ ಕಡತದ ಹೆಸರಿನಲ್ಲಿ ಒಂದಕ್ಷರ ಬದಲಿಸಿ. ಕಡತಗಳ ಪಟ್ಟಿಯೇ ಬಯಲಾಗುತ್ತದೆ, ಆದರೂ ಸಂಖ್ಯೆ 200. ಇಲ್ಲದ ಕಡತವೊಂದನ್ನು ಹೆಸರಿಸಿ ಕೇಳಿ, 404. ಸರ್ವರನ್ನು ನಿಲ್ಲಿಸಿ ಕೇಳಿ. ಸಂಖ್ಯೆಯೇ ಇಲ್ಲದ ಸಂದೇಶ. ವಿಳಾಸದಲ್ಲಿ ಯಾರೂ ಇಡದ ಹೆಸರನ್ನು ಬರೆಯಿರಿ. ಸಂಖ್ಯೆಯಿಲ್ಲದ ಬೇರೆಯೇ ಸಂದೇಶ. ಪ್ರತಿ ಬಾರಿಯೂ ಏನು ಕಂಡಿತು, ಯಾವ ಕೊಂಡಿ ಕಳಚಿತ್ತು ಎಂದು ವಿದ್ಯಾರ್ಥಿಗಳು ಕೋಷ್ಟಕದಲ್ಲಿ ಬರೆಯಲಿ.

ಬಳಿಕ ಎರಡು ತಂಡ ಮಾಡಿ. ಒಂದು ತಂಡ ಗುಟ್ಟಾಗಿ ಒಂದು ದೋಷ ಉಂಟುಮಾಡಲಿ, ಇನ್ನೊಂದು ಪತ್ತೆಮಾಡಲಿ. ಒಂದೇ ಷರತ್ತು: ಯಾವುದನ್ನಾದರೂ ಮುಟ್ಟುವ ಮುನ್ನ ‘ದೋಷ ಇಂಥ ಕಡೆ ಇರಬೇಕು, ಹಾಗಿದ್ದರೆ ಈ ಪರೀಕ್ಷೆಯಲ್ಲಿ ಹೀಗಾಗಬೇಕು’ ಎಂದು ಕಾಗದದ ಮೇಲೆ ಬರೆಯಬೇಕು. ಊಹೆ ಸುಳ್ಳಾದರೆ ಹೊಡೆದುಹಾಕಿ ಮುಂದಿನದನ್ನು ಬರೆಯಬೇಕು. ಹೀಗೆ ಹೊಡೆದುಹಾಕಿದ ಸಾಲುಗಳಿಗೂ ಅಂಕ ಕೊಡಿ. ದೋಷ ಎಲ್ಲಿಲ್ಲ ಎಂದು ಖಚಿತವಾಗಿ ತಿಳಿಯುವುದೂ ಅದು ಎಲ್ಲಿದೆ ಎಂದು ತಿಳಿಯುವ ದಾರಿಯೇ.